ಹಳೇ ಮನೆಗೆ ಹೊಸ ಬೀಗ: ಯಾವುದು ಹಾಕಿಸೋದು?

ಹೊಸಬಾಗಿಲು:
ಹಳೇ ಮನೆಯೊಂದನ್ನು ಕೊಂಡು ಈಗಷ್ಟೇ ಬಂದಿದ್ದೇವೆ. ಹಿಂದಿನವರು ಕೀಗೊಂಚಲು ಕೊಟ್ಟು ಹೋದರು, ಆದರೆ ಡೂಪ್ಲಿಕೇಟ್ ಕೀ ಇನ್ನು ಯಾರ ಯಾರ ಹತ್ತಿರ ಇದೆಯೋ ಗೊತ್ತಿಲ್ಲ. ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದಾರೆ, ಮಗ ಶಾಲೆಯಿಂದ ನಮಗಿಂತ ಮೊದಲೇ ಬರುತ್ತಾನೆ, ಅವನಿಗೆ ಕೀ ಕಳೆಯುವುದು ಮಾಮೂಲಿ. ಗಂಡ ನಂಬರ್ ಒತ್ತಿ ತೆರೆಯುವ ಸ್ಮಾರ್ಟ್ ಲಾಕ್ ಅಂತಾರೆ. ನನಗೆ ಒಂದೇ ಬಾಗಿಲಿಗೆ ಮೂರು ಬೀಗ ಹಾಕಿಸಿಬಿಡೋಣ ಅನ್ನಿಸ್ತಿದೆ. ಏನಂತೀರಿ?

ಉಳಿ_ಸುತ್ತಿಗೆ:
ಮೂರು ಬೀಗ ಬೇಡ. ಒಂದು ಗಟ್ಟಿ ಬೀಗ, ಅದಕ್ಕಿಂತ ಗಟ್ಟಿ ಬಾಗಿಲುವಾಡ ಸಾಕು. ಬಾಗಿಲನ್ನು ಒದ್ದಾಗ ಎಷ್ಟೋ ಸಲ ಬೀಗ ಮುರಿಯುವುದೇ ಇಲ್ಲ, ಅಗುಳಿ ಕೂರುವ ಜಾಗದ ಮರ ಸೀಳಿಕೊಂಡು ಬರುತ್ತದೆ, ಯಾಕಂದ್ರೆ ಅಲ್ಲಿರುವ ತಗಡಿನ ಪಟ್ಟಿಯನ್ನು ಎರಡು ಗಿಡ್ಡ ಸ್ಕ್ರೂ ಹಾಕಿ ಸುಮ್ನೆ ಕೂರಿಸಿರುತ್ತಾರೆ. ಆ ಪಟ್ಟಿ ತೆಗೆದು ದಪ್ಪ ಉಕ್ಕಿನದು ಹಾಕಿಸಿ, 75 ಮಿ.ಮೀ. ಸ್ಕ್ರೂ ಒಳಗಿನ ಗೋಡೆ ಅಥವಾ ಗಟ್ಟಿ ಮರದವರೆಗೂ ಇಳಿಯಲಿ. ಅಗುಳಿ ಕನಿಷ್ಠ 25 ಮಿ.ಮೀ. ಆಚೆ ಬರುವ, ಕೀ ಅಥವಾ ಗುಬುಟು ತಿರುಗಿಸಿದರೆ ಮಾತ್ರ ಸರಿಯುವ ಡೆಡ್‌ಬೋಲ್ಟ್ ಇರಲಿ. ಬಾಗಿಲು ಹೊರಗೆ ತೆರೆಯುವಂಥದ್ದಾದರೆ ಹಿಂಜು ಕೂಡ ಹೊರಗೇ ಇರುತ್ತದೆ, ಅದರ ಪಿನ್ ಕಿತ್ತರೆ ಬೀಗ ಮುಟ್ಟದೆಯೇ ಒಳಗೆ ಬರಬಹುದು. ಅದನ್ನು ಯಾರೂ ನೋಡುವುದೇ ಇಲ್ಲ.

ಪಿನ್ನು_ಸ್ಪ್ರಿಂಗು:
ಮೇಲಿನವರು ಹೇಳಿದ್ದು ಸರಿ. ಕೀ ವಿಷಯಕ್ಕೆ ಬರೋಣ. ಬೀಗದ ಮೈ ಚೆನ್ನಾಗಿದ್ದರೆ ಇಡೀ ಬೀಗ ಬದಲಿಸಬೇಕಿಲ್ಲ, ಕೀ ಹೋಗುವ ಸಿಲಿಂಡರ್ ಮಾತ್ರ ಬದಲಿಸಿದರೂ ಹಳೇ ಕೀಗಳೆಲ್ಲ ನಿರುಪಯೋಗಿ. ಇದನ್ನು ಸಾಮಾನು ಜೋಡಿಸುವ ಮೊದಲೇ ಮಾಡಿಸಿ. ತೆಗೆದುಕೊಳ್ಳುವಾಗ 5 ಪಿನ್ನಿಗಿಂತ 6 ಪಿನ್ನಿನದು ಮೇಲು (ಪಿನ್ ಅಂದರೆ ಸರಿಯಾದ ಕೀ ಹಾಕಿದಾಗ ಮಾತ್ರ ಸಾಲಾಗಿ ನಿಂತು ಬೀಗ ಬಿಡುವ ಒಳಗಿನ ಸಣ್ಣ ಕಡ್ಡಿ), ಆದರೆ ಲೆಕ್ಕಕ್ಕಿಂತ ಒಳಗಿನ ಕೆಲಸ ಮುಖ್ಯ: ಡ್ರಿಲ್ ತಡೆಯಲು ಗಟ್ಟಿ ಉಕ್ಕಿನ ಪಿನ್, ಬಂಪ್ ಕೀ (ಒಳಗೆ ತೂರಿಸಿ ತಟ್ಟಿ ಬೀಗ ತೆರೆಯುವ ಕಳ್ಳ ಕೀ) ತಡೆಯುವ ವ್ಯವಸ್ಥೆ ಇದೆಯಾ ಕೇಳಿ. ಯೂರೋ ಸಿಲಿಂಡರ್ (ಬಾಗಿಲಿನ ಆಚೆಯಿಂದ ಈಚೆಗೆ ಹಾಯುವ, ನಡುವೆ ಒಂದು ಸ್ಕ್ರೂ ಹಿಡಿದಿರುವ ಉದ್ದನೆಯ ಸಿಲಿಂಡರ್) ಆದರೆ ಬಾಗಿಲಿನ ಹೊರಗೆ 3 ಮಿ.ಮೀ.ಗಿಂತ ಜಾಸ್ತಿ ಚಾಚಬಾರದು. ಹಿಡಿತಕ್ಕೆ ಸಿಕ್ಕರೆ ನಡುವೆ, ಸ್ಕ್ರೂ ಹೋಗುವ ಸಣಕಲು ಜಾಗದಲ್ಲಿ, ಪಟ್ ಅಂತ ಮುರಿಯುತ್ತದೆ. ಮುಂದಿನ, ಹಿಂದಿನ ಬಾಗಿಲಿಗೆ ಒಂದೇ ಕೀ ಬರುವ ಹಾಗೆಯೂ ಮಾಡಿಸಬಹುದು, ಅತ್ತೆಗೆ ಅನುಕೂಲ.

ಹಾಂ, ಹೊಸ ಮನೆಯ ಕೀ ಫೋಟೋ ತೆಗೆದು ಎಲ್ಲರಿಗೂ ಕಳಿಸುವವರಿದ್ದಾರಲ್ಲ, ದಯವಿಟ್ಟು ಬೇಡ. ಫೋಟೋದಲ್ಲಿನ ಹಲ್ಲು ನೋಡಿಯೇ ಕೀ ಮಾಡಬಹುದು ಅಂತ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಕ್ಯಾಂಪಸ್ಸಿನವರು 2008ರಲ್ಲೇ ತೋರಿಸಿದ್ದಾರೆ, ಅದೂ ದೂರದಿಂದ ತೆಗೆದ ಫೋಟೋದಲ್ಲಿ.

ಹೊಸಬಾಗಿಲು:
ಅಯ್ಯೋ, ಹಿಂಜಿನ ಕಡೆ ನಾನು ನೋಡೇ ಇರಲಿಲ್ಲ. ಹಾಗಾದರೆ ಸ್ಮಾರ್ಟ್ ಲಾಕ್? ಇನ್ನೊಂದು, ಬಾಗಿಲ ಪಕ್ಕ ಗಾಜು ಇದೆ. ಒಡೆದು ಕೈ ಹಾಕಿ ತಿರುಗಿಸದ ಹಾಗೆ, ಒಳಗಿನಿಂದಲೂ ಕೀ ಬೇಕಾಗುವ ಬೀಗ ಹಾಕಿಸಲಾ?

ರಾತ್ರಿಪಾಳಿ:
ಒಳಗೂ ಕೀ ಬೇಕಾಗುವ ಬೀಗ ಮಾತ್ರ ಬೇಡ. ಬೆಂಕಿ ಬಿದ್ದರೆ, ಹೊಗೆಯಲ್ಲಿ, ಕತ್ತಲಲ್ಲಿ ಅತ್ತೆ ಕೀ ಹುಡುಕುತ್ತಾ ನಿಲ್ಲಬೇಕಾ? ಎಷ್ಟೋ ಕಡೆ ಕಟ್ಟಡದ ನಿಯಮವೇ ಒಪ್ಪುವುದಿಲ್ಲ. ಗಾಜು ಬದಲಿಸಿ, ಇಲ್ಲವೇ ಗ್ರಿಲ್ ಹಾಕಿಸಿ. ಒಳಗಡೆ ತಿರುಗಿಸುವ ಗುಬುಟೇ ಇರಲಿ.

ಸ್ಮಾರ್ಟ್ ಲಾಕ್ ನಿಮ್ಮ ಮಗನಿಗೆ ಹೇಳಿ ಮಾಡಿಸಿದ್ದು, ನಾನು ಬೇಡ ಅನ್ನಲ್ಲ. ಒಬ್ಬೊಬ್ಬರಿಗೆ ಒಂದೊಂದು ನಂಬರ್ ಕೊಡಬಹುದು, ಕೆಲಸದವರು ಬಿಟ್ಟು ಹೋದರೆ ಅವರದ್ದು ಅಳಿಸಿದರಾಯಿತು. ಆದರೆ ಬ್ಯಾಟರಿ ಸತ್ತರೆ ತೆರೆಯಲು ಮಾಮೂಲಿ ಕೀ ಹೋಗುವಂಥದ್ದೇ ಕೊಳ್ಳಿ. ಆ ಕೀ ಸಿಲಿಂಡರ್ ಅಗ್ಗದ್ದಾದರೆ ಮೇಲಿನ ಎಲೆಕ್ಟ್ರಾನಿಕ್ಸ್ ಎಷ್ಟು ಮಿಂಚಿದರೂ ದಂಡ. ಕಂಪನಿ ಸಾಫ್ಟ್‌ವೇರ್ ಅಪ್‌ಡೇಟ್ ಎಷ್ಟು ವರ್ಷ ಕೊಡುತ್ತದೆ ಅಂತಲೂ ಕೇಳಿ.

ಉಳಿ_ಸುತ್ತಿಗೆ:
ಅತ್ತೆಯ ಕೈಗೆ ಕೀ ಬಿಗಿಯಾದರೆ ಅಡುಗೆ ಎಣ್ಣೆ ಬಿಡಬೇಡಿ, ಧೂಳು ಅಂಟಿಕೊಂಡು ಇನ್ನೂ ಬಿಗಿಯಾಗುತ್ತದೆ. ಗ್ರಾಫೈಟ್ ಪುಡಿ ಸ್ವಲ್ಪ ಊದಿ. ಅದಕ್ಕೂ ಮೊದಲು ಬಾಗಿಲು ಜೋತು ಬಿದ್ದಿದೆಯಾ ನೋಡಿ, ಬಾಗಿಲು ತೆರೆದಿಟ್ಟಾಗ ಕೀ ಸಲೀಸಾಗಿ ತಿರುಗಿದರೆ ತಪ್ಪು ಬೀಗದ್ದಲ್ಲ.