ಪದಚರ್ಚೆ: ಗುಳಿಗೆಗೆ ಸೋಯಾ ‘ನಂಜು’ ಎನ್ನಬಹುದೇ?

ಪ್ರಶ್ನೆ (ಕುಮಟಾ):
ಹಾರ್ಮೋನಿನ ಗುಳಿಗೆ ನುಂಗುವವರಿಗಾಗಿ ಊಟದ ಬಗ್ಗೆ ಒಂದು ಪುಟದ ತಿಳಿವಳಿಕೆ ಪತ್ರ ಸಿದ್ಧವಾಗುತ್ತಿದೆ. ಸೋಯಾ, ಅಗಸೆಗಳಲ್ಲಿರುವ ಫೈಟೋಈಸ್ಟ್ರೋಜನ್ನಿಗೆ (ಹೆಣ್ಣಿನ ಹಾರ್ಮೋನಾದ ಈಸ್ಟ್ರೋಜನ್ ಹೋಲುವ ವಸ್ತು) ‘ಸಸ್ಯ ಈಸ್ಟ್ರೋಜನ್’ ಎಂದರೆ ಸರಿಯೇ? ಅದಕ್ಕೂ ಔಷಧಿಗೂ ಆಗುವ ಇಂಟರಾಕ್ಷನ್ನಿಗೆ, ಅಂದರೆ ತಿಂದದ್ದು ಔಷಧಿಯ ಕೆಲಸವನ್ನು ಬದಲಿಸುವುದಕ್ಕೆ, ‘ಅಡ್ಡಪರಿಣಾಮ’, ‘ವಿರುದ್ಧಾಹಾರ’, ‘ನಂಜು’ ಈ ಮೂರರಲ್ಲಿ ಯಾವುದು ಹೊಂದೀತು? ಘಟ್ಟದ ಕೆಳಗೆ ನಂಜು ಎಂದರೆ ವಿವರಿಸಬೇಕಾದ್ದೇ ಇಲ್ಲ.

ಉತ್ತರ (ಶಿರಸಿ):
ಮೂರೂ ಬೇಡ ಎಂದು ನನ್ನ ಅಭಿಪ್ರಾಯ. ಅಡ್ಡಪರಿಣಾಮ ಎಂದರೆ ಗುಳಿಗೆ ತಾನೊಂದೇ ತರುವ ವಾಕರಿಕೆ, ತಲೆನೋವು. ವಿರುದ್ಧಾಹಾರ ಆಯುರ್ವೇದದ ಮಾತು, ಹಾಲು–ಮೀನಿನಂತೆ ಒಂದಕ್ಕೊಂದು ಕೂಡದ ಆಹಾರಕ್ಕೆ ಹೇಳುವುದು. ನಂಜು ಎಲ್ಲಕ್ಕಿಂತ ಅಪಾಯದ್ದು. ಗಾಯವಾದಾಗ ಬದನೆ ನಂಜು ಎನ್ನುವ ಊರಲ್ಲಿ ಸೋಯಾ ನಂಜು ಎಂದು ಅಚ್ಚು ಹಾಕಿದರೆ ಜನ ಅದನ್ನು ಪೂರ್ತಿ ಬಿಟ್ಟಾರು, ಇಲ್ಲವೇ ತಿಂದ ದಿನ ಗುಳಿಗೆಯನ್ನೇ ಬಿಟ್ಟಾರು.

‘ಸಸ್ಯ ಈಸ್ಟ್ರೋಜನ್’ ಕೂಡ ಹಾಗೆಯೇ ದಾರಿ ತಪ್ಪಿಸುತ್ತದೆ. ವನಸ್ಪತಿ ತುಪ್ಪಕ್ಕೂ ಹಾಲಿಗೂ ಸಂಬಂಧವಿಲ್ಲವಷ್ಟೇ? ಸೋಯಾದ ಜೆನಿಸ್ಟೀನ್, ಡೈಡ್ಝೀನ್ ಐಸೋಫ್ಲೇವೋನ್ ಎಂಬ ಗುಂಪಿನ ಸಸ್ಯಾಂಶಗಳು. ಆಕಾರದಲ್ಲಿ ಮೈಯ ಮುಖ್ಯ ಈಸ್ಟ್ರೋಜನ್ನಾದ ಎಸ್ಟ್ರಡಯಾಲನ್ನು ಹೋಲುತ್ತವೆ, ಬಲದಲ್ಲಿ ತೀರಾ ಕಡಿಮೆ. ‘ಈಸ್ಟ್ರೋಜನ್ ಹೋಲುವ ಸಸ್ಯಾಂಶ’ ಎನ್ನಿ. ಉದ್ದವಾಯಿತು, ಆದರೆ ಸುಳ್ಳಾಗಲಿಲ್ಲ.

ಇಂಟರಾಕ್ಷನ್ನಿಗೆ ‘ಆಹಾರ–ಔಷಧಿ ತೊಡಕು’ ಎನ್ನಬಹುದು. ಅಷ್ಟಕ್ಕೇ ಬಿಟ್ಟರೆ ಸಾಲದು, ತೊಡಕು ಎಲ್ಲಿ ಎಂದು ಹೇಳಲೇಬೇಕು. ಜಾಗ ಬದಲಾದರೆ ಪರಿಹಾರವೂ ಬದಲಾಗುತ್ತದೆ.

ಥೈರಾಯ್ಡಿನ ಲೆವೊಥೈರಾಕ್ಸಿನ್ ತೆಗೆದುಕೊಳ್ಳಿ. ಸೋಯಾ ಅದನ್ನು ಕೆಡಿಸುವುದು ಕರುಳಿನಲ್ಲಿ; ಗುಳಿಗೆ ರಕ್ತಕ್ಕೆ ಸೇರುವುದೇ ಕಡಿಮೆಯಾಗುತ್ತದೆ. ಇಲ್ಲಿ ಈಸ್ಟ್ರೋಜನ್ನಿನ ಮಾತೇ ಇಲ್ಲ. ಇದಕ್ಕೆ ‘ಹೀರಿಕೆಗೆ ತಡೆ’ ಎನ್ನಿ. ಪರಿಹಾರ ಹೊತ್ತು: ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ಗುಳಿಗೆ, ಆಸ್ರಿ (ಬೆಳಗಿನ ತಿಂಡಿ) 30ರಿಂದ 60 ನಿಮಿಷ ಬಿಟ್ಟು. ಕಾಫಿಯೂ ಆಮೇಲೆಯೇ. ಕ್ಯಾಲ್ಸಿಯಂ, ಕಬ್ಬಿಣದ ಗುಳಿಗೆಗಳಿಗೆ 4 ತಾಸಿನ ಅಂತರ. ಸೋಯಾ ಹಾಲನ್ನು ಹೊಸದಾಗಿ ದಿನಾ ಕುಡಿಯಲು ಶುರುಮಾಡಿದವರು, ದಿನಾ ಕುಡಿಯುತ್ತಿದ್ದು ಬಿಟ್ಟವರು, ಇಬ್ಬರೂ 6ರಿಂದ 8 ವಾರಕ್ಕೆ ಟಿಎಸ್‌ಎಚ್ (ಥೈರಾಯ್ಡಿನ ರಕ್ತಪರೀಕ್ಷೆ) ನೋಡಿಸಬೇಕು. ಬಿಟ್ಟಾಗ ಹಳೆಯ ಡೋಸೇ ಹೆಚ್ಚಾಗುತ್ತದೆಂಬುದನ್ನು ಬಹಳ ಜನ ಮರೆಯುತ್ತಾರೆ.

ಸ್ತನ ಕ್ಯಾನ್ಸರಿನ ಟ್ಯಾಮಾಕ್ಸಿಫೆನ್ ವಿಷಯ ಬೇರೆ. ಜೀವಕೋಶದಲ್ಲಿ ಈಸ್ಟ್ರೋಜನ್ ಕೂರುವ ಜಾಗವಾದ ಗ್ರಾಹಿಯ ಮೇಲೆ ತಾನು ಕೂತು ಅದನ್ನು ತಡೆಯುವುದೇ ಅದರ ಕೆಲಸ. ಸಸ್ಯಾಂಶವೂ ಬರುವುದು ಅದೇ ಜಾಗಕ್ಕೆ. ಇದು ‘ಜಾಗದ ಪೈಪೋಟಿ’. ಮೈಯಲ್ಲಿ ಟ್ಯಾಮಾಕ್ಸಿಫೆನ್ ಅರ್ಧಕ್ಕೆ ಇಳಿಯಲೇ 5ರಿಂದ 7 ದಿನ ಬೇಕು, ಹಾಗಾಗಿ ನಾಲ್ಕು ತಾಸು ಬಿಟ್ಟು ತಿಂದರೆ ಏನೂ ಉಪಯೋಗವಿಲ್ಲ. ಇಲ್ಲಿ ಎಣಿಸಬೇಕಾದ್ದು ಪ್ರಮಾಣ. ಒಂದು ಲೋಟ ಸೋಯಾ ಹಾಲಿನಲ್ಲಿ ಸುಮಾರು 25 ಮಿಲಿಗ್ರಾಂ ಐಸೋಫ್ಲೇವೋನ್. ಊಟದಲ್ಲಿ ಅಷ್ಟಿದ್ದರೆ ಹೆದರಬೇಕಿಲ್ಲ. ಐಸೋಫ್ಲೇವೋನ್ ಕ್ಯಾಪ್ಸೂಲುಗಳನ್ನು ಮಾತ್ರ ಕ್ಯಾನ್ಸರ್ ವೈದ್ಯರನ್ನು ಕೇಳದೆ ನುಂಗಬಾರದು.

ಮೂರನೆಯ ಜಾಗ ಕರುಳಿನ ಗೋಡೆಯಲ್ಲಿ ಔಷಧಿ ಒಡೆಯುವ ಕಿಣ್ವ. ಗ್ರೇಪ್‌ಫ್ರೂಟ್ (ದ್ರಾಕ್ಷಿಯಲ್ಲ, ಚಕ್ಕೋತದಂಥ ಹಣ್ಣು) ರಸ ಗರ್ಭನಿರೋಧಕ ಗುಳಿಗೆಯಲ್ಲಿರುವ ಈಸ್ಟ್ರೋಜನ್ನಾದ ಎಥಿನೈಲ್ ಎಸ್ಟ್ರಡಯಾಲ್ ಒಡೆಯುವುದನ್ನು ನಿಧಾನಿಸಿ ರಕ್ತದಲ್ಲಿ ಅದನ್ನು ಏರಿಸುತ್ತದೆ. ಇದಕ್ಕೂ ಸಸ್ಯಾಂಶಕ್ಕೂ ನಂಟಿಲ್ಲ, ಇದೇ ಪತ್ರದಲ್ಲಿ ಬೆರೆಸಬೇಡಿ. ಊಟದ ಸೋಯಾದಿಂದ ಗರ್ಭನಿರೋಧಕ ಗುಳಿಗೆ ಸೋಲುತ್ತದೆ ಎನ್ನಲು ಆಧಾರವಿಲ್ಲ ಎಂಬ ಸಾಲು ಮಾತ್ರ ಇರಲಿ.

ಸೇರಿಕೆ (ಕಾರವಾರ):
‘ಅಗಸೆ’ ಎಂದಷ್ಟೇ ಬರೆಯಬೇಡಿ. ಅಗಸೆ ಎಂದರೆ ಬಿಳಿ ಹೂವಿನ ಮರವೂ ಹೌದು. ಅದರ ಹೂ, ಸೊಪ್ಪು ಪಲ್ಯಕ್ಕಾಗುತ್ತವೆ. ಪತ್ರ ಓದಿದವರು ಹಿತ್ತಿಲ ಅಗಸೆ ಸೊಪ್ಪನ್ನು ಬಿಟ್ಟು, ಚಟ್ನಿಪುಡಿಯಲ್ಲಿರುವ ಬೀಜವನ್ನು ತಿನ್ನುತ್ತಲೇ ಇರಬಹುದು. ‘ಅಗಸೆ ಬೀಜ, ಅಂಗಡಿಯಲ್ಲಿ ಅಲಸಿ’ ಎಂದು ಬಿಡಿಸಿ ಬರೆಯಿರಿ. ಹುಬ್ಬಳ್ಳಿ ಕಡೆಯವರಿಗೆ ಅದು ಅಗಸಿ. ಅದರಲ್ಲಿರುವುದು ಐಸೋಫ್ಲೇವೋನ್ ಅಲ್ಲ, ಲಿಗ್ನಾನ್ ಎಂಬ ಬೇರೆ ಗುಂಪಿನ ಸಸ್ಯಾಂಶ. ಕರುಳಿನ ಬ್ಯಾಕ್ಟೀರಿಯಾ ಅದನ್ನು ಮಾರ್ಪಡಿಸಿದ ಮೇಲೆಯೇ ಈಸ್ಟ್ರೋಜನ್ ಹೋಲಿಕೆ ಬರುತ್ತದೆ. ಆಂಟಿಬಯೋಟಿಕ್ ನಡೆದಿದ್ದರೆ ಆ ಕೆಲಸ ಕುಗ್ಗುತ್ತದೆ. ಇಡೀ ಬೀಜ ಹಾಗೆಯೇ ಹೊರಹೋಗುವುದೇ ಹೆಚ್ಚು, ಪುಡಿ ಮಾಡಿದ್ದು ಒಳಗೆ ಇಳಿಯುತ್ತದೆ, ಎಣ್ಣೆಯಲ್ಲಿ ಲಿಗ್ನಾನ್ ಇಲ್ಲವೆನ್ನುವಷ್ಟು ಕಡಿಮೆ. ನೀರಲ್ಲಿ ನೆನೆದ ಬೀಜದ ಲೋಳೆ ಮಾತ್ರ ಬೇರೆ ಗುಳಿಗೆಗಳಿಗೂ ‘ಹೀರಿಕೆಗೆ ತಡೆ’ ಆದೀತು. ಒಂದೆರಡು ತಾಸಿನ ಅಂತರ ಬರೆದುಬಿಡಿ.