ಮನೆಯಲ್ಲಿ ಬಿಪಿ ನೋಡುವಾಗ ಯಾವ ರೀಡಿಂಗ್ ಬರೆದಿಡಬೇಕು? ಸಹಾಯ ಬೇಕು

ಅಮ್ಮನ ಬಿಪಿ ಬೆಳಿಗ್ಗೆ, ಸಂಜೆ ಮನೆಯಲ್ಲೇ ನೋಡಿ ಒಂದು ವಾರದ ಪಟ್ಟಿ ತರಲು ಡಾಕ್ಟರ್ ಹೇಳಿದ್ದಾರೆ. ತೋಳಿಗೆ ಕಫ್ ಸುತ್ತುವ ಡಿಜಿಟಲ್ ಮಷೀನ್ ಇದೆ. ತೊಂದರೆ ಏನೆಂದರೆ, ಒಂದೇ ಸಲ ಕೂತಾಗ ಮೂರು ಬಾರಿ ನೋಡಿದರೆ ಮೂರು ಬೇರೆ ಬೇರೆ ನಂಬರ್! ಇವತ್ತು ಬೆಳಿಗ್ಗೆ ಮೊದಲು 152/92 ಬಂತು. ಒಂದು ನಿಮಿಷ ಬಿಟ್ಟು 141/87, ಆಮೇಲೆ 133/83.

ಗೊತ್ತಿರುವುದನ್ನೆಲ್ಲ ಮಾಡಿದ್ದಾಯ್ತು. ಮುಂಚೆ ಅರ್ಧ ಗಂಟೆ ಕಾಫಿ ಕೊಡುವುದಿಲ್ಲ. ಬಾತ್‌ರೂಮಿಗೆ ಹೋಗಿ ಬಂದ ಮೇಲೆ ಐದು ನಿಮಿಷ ಸುಮ್ನೆ ಕೂರಿಸುತ್ತೇನೆ. ಮಾತಾಡಬೇಡ ಅಂದರೆ ಮಾತ್ರ ಕೇಳುವುದಿಲ್ಲ, ಅದೊಂದೇ ಕಷ್ಟ. ಬೆನ್ನು ಕುರ್ಚಿಗೆ ಒರಗಿರುತ್ತದೆ, ಪಾದ ನೆಲದ ಮೇಲೆ, ಕೈ ಎದೆಯ ಮಟ್ಟಕ್ಕೆ ಮೇಜಿನ ಮೇಲೆ. ಕಫ್ ಚಿಕ್ಕದಾದರೆ ರೀಡಿಂಗ್ ಜಾಸ್ತಿ ಬರುತ್ತದಲ್ವಾ, ಅದಕ್ಕೆ ತೋಳಿನ ಸುತ್ತಳತೆಯನ್ನೂ ಟೇಪಿನಲ್ಲಿ ನೋಡಿದೆ. ಕಫ್ ಮೇಲೆ ಬರೆದಿರುವ ಅಳತೆಯೊಳಗೇ ಇದೆ. ಕ್ಲಿನಿಕ್ಕಿನ ಮಷೀನ್ ಜೊತೆ ಹೋಲಿಸಿದಾಗಲೂ ಹೆಚ್ಚು ಕಡಿಮೆ ಒಂದೇ ಬಂತು.

ಮನೆಯ ರೀಡಿಂಗಿಗೆ 135/85 ಗಡಿ ಅನ್ನುತ್ತಾರೆ. ಮೊದಲನೆಯದು ನೋಡಿದರೆ ಗಾಬರಿ, ಮೂರನೆಯದು ನೋಡಿದರೆ ನಿರಾಳ. ಸಾಲದ್ದಕ್ಕೆ ಬಲಗೈಯಲ್ಲಿ ಯಾವಾಗಲೂ ಎಡಗೈಗಿಂತ 10–12 ಜಾಸ್ತಿ ಬರುತ್ತದೆ.

ಮಾತ್ರೆಯ ಸಲಹೆ ಬೇಡ, ಅದನ್ನು ಡಾಕ್ಟರೇ ನೋಡುತ್ತಾರೆ. ನನಗೆ ಬೇಕಿರುವುದು ಇಷ್ಟೇ: ಮೊದಲ ರೀಡಿಂಗ್ ಬಿಟ್ಟು ಉಳಿದೆರಡರ ಸರಾಸರಿ ಬರೆಯಬೇಕಾ, ಮೂರನ್ನೂ ಹಾಗೇ ಬರೆಯಬೇಕಾ? ದಿನಾ ಜಾಸ್ತಿ ಬರುವ ಬಲಗೈಯಲ್ಲೇ ನೋಡಬೇಕಾ?