ಸಹಾಯ ಬೇಕು: ಮಿನ್ನೆಸೋಟಾದ ಟೌನ್‌ಶಿಪ್ ಜಾಗದ ಬಗ್ಗೆ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಮಿನ್ನೆಸೋಟಾ ರಾಜ್ಯದ ಹಳ್ಳಿ ಕಡೆ 5 ಎಕರೆ ಜಾಗ ನೋಡಿದ್ದೇವೆ. ಪತ್ರದಲ್ಲಿ ಟೌನ್‌ಶಿಪ್, ರೇಂಜ್, ಸೆಕ್ಷನ್ ಅಂತ ಬರೆದಿದೆ. ಟೌನ್‌ಶಿಪ್ ಅಂದರೆ ಪ್ರತಿ ಬದಿ 6 ಮೈಲಿಯ ಚೌಕ, ರೇಂಜ್ ಅಂದರೆ ಆ ಚೌಕ ಪೂರ್ವ-ಪಶ್ಚಿಮ ದಿಕ್ಕಿನಲ್ಲಿ ಎಷ್ಟನೆಯದು ಅನ್ನುವ ಸಂಖ್ಯೆ. ಚೌಕದೊಳಗೆ 36 ಸೆಕ್ಷನ್, ಒಂದೊಂದೂ 640 ಎಕರೆ. 1785ರ ಕಾನೂನಿನಿಂದ ಬಂದ ಲೆಕ್ಕ. ಇಷ್ಟು ಅರ್ಥವಾಯಿತು.

ಗೊಂದಲ ಇರುವುದು ಆಡಳಿತದಲ್ಲಿ: ಟೌನ್‌ಶಿಪ್ ಅನ್ನುವುದು ನಮ್ಮ ಗ್ರಾಮ ಪಂಚಾಯಿತಿಯಂಥ ಸ್ಥಳೀಯ ಆಡಳಿತವೂ ಹೌದು. ಜಾಗದ ಮುಂದಿನ ಜಲ್ಲಿ ರಸ್ತೆ ಟೌನ್‌ಶಿಪ್‌ನದಂತೆ, ಅದು ಸೇರುವ ಡಾಂಬರು ರಸ್ತೆ ಕೌಂಟಿಯದಂತೆ (ನಮ್ಮ ಜಿಲ್ಲೆಯ ಹಾಗೆ). ಹಾಗಾದರೆ ಡ್ರೈವ್‌ವೇ ಪರ್ಮಿಷನ್‌ಗೆ, ಹಿಮ ತೆಗೆಸಲು ಯಾರನ್ನು ಕೇಳಬೇಕು? ಟೌನ್‌ಶಿಪ್ ಬೋರ್ಡಿನ ಸೂಪರ್‌ವೈಸರ್‌ಗಳನ್ನೋ (ಅಂದರೆ ಚುನಾಯಿತ ಸದಸ್ಯರು), ಕ್ಲರ್ಕನ್ನೋ? ಸೆಪ್ಟಿಕ್ ಟ್ಯಾಂಕಿನ ಪರ್ಮಿಟ್ ಕೊಡುವವರು ಯಾರು?

ಮಾರ್ಚ್ ಎರಡನೇ ಮಂಗಳವಾರದ ವಾರ್ಷಿಕ ಸಭೆಯಲ್ಲಿ ಅಲ್ಲಿನ ಮತದಾರರೇ ಟೌನ್‌ಶಿಪ್ ತೆರಿಗೆ ತೀರ್ಮಾನಿಸುತ್ತಾರೆ. ನಮ್ಮ ಗ್ರಾಮಸಭೆಗಿಂತ ಜೋರು, ಅಲ್ವಾ! ಗ್ರೀನ್ ಕಾರ್ಡ್‌ನವರಿಗೆ ಮತ ಇಲ್ಲ, ಸರಿ. ಸುಮ್ನೆ ಹೋಗಿ ಕೂತು ಪ್ರಶ್ನೆ ಕೇಳಬಹುದಾ? ಅಲ್ಲಿ ಜಾಗ ತೆಗೆದುಕೊಂಡವರು ಇದ್ದರೆ ದಯವಿಟ್ಟು ತಿಳಿಸಿ.